ಮಸೂದೆ ಬಂದಾಗ ಬಾಯಿ ಬಿಡಿ

ಬಿರಿಯಾನಿ ಹತ್ತು ನಿಮಿಷ ತಡವಾದರೆ ಆ್ಯಪ್‌ನಲ್ಲಿ ಪ್ಯಾರಾಗಟ್ಟಲೆ ಬರೀತೀವಿ. ಅದನ್ನು ತಂದುಕೊಟ್ಟವನಿಗಾಗಿ ಸರ್ಕಾರ ಕಾನೂನು ಮಾಡೋಕೆ ಹೊರಟು ‘ಏನಾದ್ರೂ ಹೇಳೋದಿದ್ಯಾ’ ಅಂತ ಕೇಳಿದಾಗ ನಮ್ಮಲ್ಲಿ ಎಷ್ಟು ಜನ ಒಂದು ಸಾಲು ಬರೆದ್ವಿ?

2024ರ ಜೂನ್ ಕೊನೆಯಲ್ಲಿ ಗಿಗ್ ಕಾರ್ಮಿಕರ ಕರಡು ಮಸೂದೆ ಹೊರಬಂತು. ಆಕ್ಷೇಪಣೆ, ಸಲಹೆಗೆ ಸಿಕ್ಕಿದ್ದು ಬರೀ 10 ದಿನ. ಕೇಂದ್ರ ಸರ್ಕಾರ 2014ರಲ್ಲಿ ತನ್ನ ಇಲಾಖೆಗಳಿಗೆ ಹಾಕಿಕೊಟ್ಟ ನೀತಿಯಲ್ಲಿ ಕನಿಷ್ಠ 30 ದಿನ ಇದೆ. 2020ರ ಭೂಸುಧಾರಣಾ ತಿದ್ದುಪಡಿಯಂತೂ ಸುಗ್ರೀವಾಜ್ಞೆಯಾಗಿಯೇ ಬಂತು. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅನ್ನೋದು ನಮ್ಮೂರಿನವರಿಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ಕೇಳದೇ ಮಾಡೋ ಸರ್ಕಾರಕ್ಕೆ, ಕೇಳಿದಾಗಲೂ ಸುಮ್ಮನಿರೋ ಜನಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಾ?

ಬರೆದರೆ ಏನಾಗುತ್ತೆ ಅಂತ ಕೇಳ್ಬೇಡಿ. 2015ರಲ್ಲಿ ನೆಟ್ ನ್ಯೂಟ್ರಾಲಿಟಿಗಾಗಿ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿಯಲ್ಲಿ ಅದು ತಾರತಮ್ಯದ ಡೇಟಾ ದರವನ್ನು ನಿಷೇಧಿಸಿತು. ನಮ್ಮ ಇಂಟರ್ನೆಟ್‌ಗೆ ಕುತ್ತು ಬಂದಾಗ ಬರೆದ ಬೆರಳು, ಇನ್ನೊಬ್ಬರ ಹೊಟ್ಟೆಪಾಡಿನ ಮಾತು ಬಂದಾಗ ನೋಯುತ್ತಾ?

ಮುಂದಿನ ಕರಡು ಬಂದಾಗ ಓದಿ. ಯಾವ ಕಲಮು, ತಪ್ಪೇನು, ಬದಲಿಗೆ ಏನಿರಬೇಕು: ಇಷ್ಟನ್ನೇ ಕನ್ನಡದಲ್ಲಿ ಬರೆದು ಇಲಾಖೆಗೆ ಕಳಿಸಿ. ಗ್ರೇಟರ್ ಬೆಂಗಳೂರು ಮಸೂದೆಯಲ್ಲಿ ಆದ ಹಾಗೆ ಶಾಸಕರ ಸಮಿತಿ ಜನರನ್ನು ಕರೆದರೆ, ಅರ್ಧ ದಿನ ರಜೆ ಹಾಕಿ ಹೋಗಿ ಮಾತಾಡಿ. ಬಾಗಿಲಿಗೆ ಬರೋ ಡೆಲಿವರಿ ಹುಡುಗನಿಗೂ ಕೊನೇ ದಿನಾಂಕ ತಿಳಿಸಿ. ಅವನ ಕಷ್ಟ ಅವನ ಹೆಸರಲ್ಲೇ ದಾಖಲಾಗಲಿ.

ರಿಲೀಸ್ ಆದಮೇಲೆ ಬಗ್ ಎಣಿಸಿ ಬೈಯೋದು ಯಾರಿಗೂ ಬರುತ್ತೆ. ರಿವ್ಯೂಗೆ ಕರೆದಾಗ ಕೂತ್ಕೊಳ್ಳಿ.