ಕ್ರೈಸ್ತ ಮೌಲ್ಯ ಮತ್ತು ಪ್ರಾಥಮಿಕ ಶಾಲೆಯ ಹೊಸ್ತಿಲು

ಬಾಸೆಲ್ ಮಿಶನ್ನಿನ ಮಾತು ಬಂದಾಗಲೆಲ್ಲ ಕನ್ನಡ ವಿದ್ವಾಂಸರ ನೆನಪು ಮುದ್ರಣಾಲಯದತ್ತ, ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದತ್ತ, 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟಿನತ್ತ ಹರಿಯುವುದು ವಾಡಿಕೆ. ಆದರೆ ಪತ್ರಿಕೆಯನ್ನು ಓದಬಲ್ಲ, ನಿಘಂಟನ್ನು ಬಳಸಬಲ್ಲ ಜನಸಮುದಾಯ ತಾನಾಗಿ ಹುಟ್ಟಿಕೊಳ್ಳಲಿಲ್ಲ. ಅದನ್ನು ರೂಪಿಸಿದುದರಲ್ಲಿ ಸಣ್ಣಪುಟ್ಟ ಪ್ರಾಥಮಿಕ ಶಾಲೆಗಳ ಪಾಲು ದೊಡ್ಡದು. ಗ್ರಂಥಸೂಚಿಗೆ ಸಿಕ್ಕುವ ವಸ್ತುವಲ್ಲದ ಕಾರಣ ಆ ಶಾಲೆಗಳು ಸಾಹಿತ್ಯ ಚರಿತ್ರೆಯ ಅಂಚಿನಲ್ಲಿಯೇ ಉಳಿದುವು. ಕ್ರೈಸ್ತ ಮೌಲ್ಯ, ಸಮಾಜ ಸೇವೆ ಎಂಬ ಮಾತುಗಳು ಇಂದು ಶಾಲೆಗಳ ಕೈಪಿಡಿಗಳಲ್ಲಿ ವರ್ಷವರ್ಷವೂ ಅಚ್ಚಾಗುತ್ತಿರುವಾಗ, ಅವುಗಳಿಗೆ ಹಿಂದೆ ಯಾವ ಅರ್ಥವಿತ್ತೆಂದು ವಿಚಾರಿಸುವುದು ಅಗತ್ಯ.

1833ರ ಸನದು ಶಾಸನದಿಂದ ಇಂಗ್ಲೆಂಡಿನವರಲ್ಲದ ಮಿಶನರಿಗಳಿಗೂ ಕಂಪನಿಯ ಆಡಳಿತ ಪ್ರದೇಶದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರು ತಲುಪಿದರು. 1836ರಲ್ಲಿ ಅಲ್ಲಿ ಮಿಶನ್ನಿನ ಕನ್ನಡ ಶಾಲೆ ಆರಂಭವಾಯಿತು. ಅವರ ಉದ್ದೇಶ ಧರ್ಮಪ್ರಸಾರವೇ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರತಿಯೊಬ್ಬ ವಿಶ್ವಾಸಿಯೂ ಧರ್ಮಗ್ರಂಥವನ್ನು ತನ್ನ ಭಾಷೆಯಲ್ಲಿ ತಾನೇ ಓದಬೇಕೆಂಬ ಪ್ರಾಟೆಸ್ಟಂಟ್ ಶ್ರದ್ಧೆ ಶಾಲೆಯ ಮೂಲದಲ್ಲಿತ್ತು. ಆದರೆ ಅದರ ಫಲ ಮಿಶನ್ನಿನ ಆವರಣದೊಳಗೆ ನಿಲ್ಲಲಿಲ್ಲ. ಓದು ಬರಹ ಇಂಥ ಕುಲದವರಿಗೆ ಮಾತ್ರ ಸಲ್ಲತಕ್ಕುದು ಎಂಬ ನಂಬಿಕೆಗೆ ಕರಾವಳಿಯಲ್ಲಿ ಬಿದ್ದ ಮೊದಲ ಪೆಟ್ಟುಗಳಲ್ಲಿ ಈ ಶಾಲೆಯದೂ ಒಂದು.

ಆ ಕಾಲದಲ್ಲಿ ಶಾಲೆಯ ಹೊಸ್ತಿಲು ಎಷ್ಟು ಎತ್ತರವಾಗಿತ್ತೆಂಬುದಕ್ಕೆ ಧಾರವಾಡದ ಪ್ರಕರಣವೊಂದು ಸಾಕ್ಷಿ. 1856ರಲ್ಲಿ ಮಹಾರ ಜಾತಿಯ ಬಾಲಕನೊಬ್ಬ ಅಲ್ಲಿನ ಸರಕಾರಿ ಶಾಲೆಗೆ ಸೇರಲು ಬಯಸಿದಾಗ ಅವನಿಗೆ ಪ್ರವೇಶ ದೊರೆಯಲಿಲ್ಲ. ಅಹವಾಲು ಮುಂಬಯಿ ಸರಕಾರದವರೆಗೂ ಹೋಯಿತು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟಾರು ಎಂಬ ಅಂಜಿಕೆಯೇ ಕೊನೆಗೆ ಗೆದ್ದಿತು. ಡಾ. ಅಂಬೇಡ್ಕರ್ ಅವರು ತಮ್ಮ ಬರಹದಲ್ಲಿ ಈ ಪ್ರಕರಣವನ್ನು ಚರ್ಚಿಸಿರುವುದು ಗಮನಾರ್ಹ. ಮಿಶನ್ ಶಾಲೆಗಳಲ್ಲಿ ಜಾತಿಯ ತೊಡಕು ಇರಲೇ ಇಲ್ಲವೆಂದು ಹೇಳಲಾಗದು. ಆದರೂ ತತ್ತ್ವತಃ ಅಲ್ಲಿನ ಬಾಗಿಲು ಯಾರಿಗೂ ಮುಚ್ಚಿರಲಿಲ್ಲವೆಂಬುದು ಅಂದಿನ ಸಂದರ್ಭದಲ್ಲಿ ಸಣ್ಣ ಸಂಗತಿಯಲ್ಲ. ಸೇವೆ ಎಂಬ ಪದಕ್ಕೆ ಆಗ ಇದ್ದ ಅರ್ಥ ಇದು: ಬೇರೆಯವರು ಒಳಗೆ ಬಿಡದ ಮಗುವಿಗೆ ಮಣೆ ಹಾಕುವುದು.

ಈ ಸೇವೆಗೆ ಬೆಲೆ ಕಟ್ಟಬೇಕಾಗಿ ಬರುತ್ತಿತ್ತು ಎಂಬ ಆಕ್ಷೇಪ ಹಳೆಯದು, ನಿರಾಧಾರವಾದುದೂ ಅಲ್ಲ. 1844ರಲ್ಲಿ ಮಿಶನ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಕುಲದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ತಲ್ಲಣಿಸಿಹೋಯಿತು. ಮಗನನ್ನು ಅಕ್ಷರಕ್ಕೆಂದು ಕಳುಹಿಸಿದ ತಂದೆತಾಯಿಯರ ಸಂಕಟವನ್ನು ಮಿಶನರಿಗಳು ಸಾಕಷ್ಟು ಅರಿತರೆಂದು ತೋರುವುದಿಲ್ಲ. ಅರ್ಧ ಶತಮಾನದ ತರುವಾಯ ಅದೇ ಊರಿನಲ್ಲಿ, ಅದೇ ಸಾರಸ್ವತ ಸಮಾಜದಿಂದ ಬಂದ ಬ್ರಹ್ಮಸಮಾಜಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿ ದಲಿತರ ಮಕ್ಕಳಿಗಾಗಿ ದುಡಿದರು. ‘ಮಿಶನ್’ ಎಂಬ ಹೆಸರನ್ನು ಉಳಿಸಿಕೊಂಡು, ಮತಾಂತರವನ್ನು ಬಿಟ್ಟು, ಸೇವೆಯನ್ನು ಮಾತ್ರ ಕೈಗೆತ್ತಿಕೊಂಡ ಅವರ ಕಾರ್ಯ ಮಿಶನ್ ಶಾಲೆಗಳಿಗೆ ದೊರೆತ ಅತ್ಯಂತ ಸಮರ್ಪಕವಾದ ವಿಮರ್ಶೆ.

ಇದೇ ಬಗೆಯ ತಿಕ್ಕಾಟ ಮಹಾರಾಷ್ಟ್ರದಲ್ಲಿ ಪಂಡಿತಾ ರಮಾಬಾಯಿಯವರ ಬಾಳಿನಲ್ಲಿಯೂ ಕಾಣುತ್ತದೆ. ಕಾರ್ಕಳದ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಈಕೆಯನ್ನು ಮುಂಬಯಿ ಪುಣೆಗಳ ಕನ್ನಡಿಗರು ತಮ್ಮವರೆಂದು ನೆನೆಯುವುದು ಕಡಿಮೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದ ಅವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಾಗ ಅದು ಮತಬೋಧೆಯಿಲ್ಲದ ವಿದ್ಯಾಲಯವಾಗಿತ್ತು. ಸದನ ಪುಣೆಗೆ ಸ್ಥಳಾಂತರವಾದ ಮೇಲೆ, ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂಡುತ್ತಿದ್ದಾರೆಂಬ ಕಾರಣಕ್ಕೆ 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಮಂಡಲಿಯನ್ನು ತೊರೆದರು. ಪ್ರಾರ್ಥನೆಗೆ ಕರೆಯುವುದೂ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ತೆರೆದಿಡುವುದೂ ಒಂದೇ ಅಲ್ಲವೆಂದು ರಮಾಬಾಯಿ ತಿಳಿದಿದ್ದರು. ಎಳೆಯ ವಯಸ್ಸಿನವರ ಮಟ್ಟಿಗೆ ಈ ಭೇದ ಅಷ್ಟು ಸ್ಪಷ್ಟವಲ್ಲ ಎಂಬುದು ರಾನಡೆಯವರ ಕಡೆಯ ವಾದಕ್ಕಿರುವ ಬಲ.

ಆದರೆ ಈ ವಿವಾದದ ಸದ್ದಿನಲ್ಲಿ ಅವರ ಶಾಲೆಯ ಕ್ರಮವೇ ಮರೆತುಹೋಗಿದೆ. ಅಮೆರಿಕದಲ್ಲಿ ಅವರು ಫ್ರೋಬೆಲ್ಲನ ಶಿಶುವಿಹಾರ ಪದ್ಧತಿಯನ್ನು ಕಲಿತು ಬಂದಿದ್ದರು. 1896–97ರ ಕ್ಷಾಮದಲ್ಲಿ ಮಧ್ಯ ಪ್ರಾಂತದಿಂದ ಅನಾಥ ಹುಡುಗಿಯರನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ನೆಲೆಗೊಳಿಸಿದರು. ಅಲ್ಲಿ ಓದಿನ ಜೊತೆಗೆ ನೇಯ್ಗೆ, ಅಚ್ಚುಕೆಲಸ, ಹೊಲದ ಕೆಲಸಗಳೂ ನಡೆದುವು. ಹಸಿವಿನಿಂದ ಬಂದವರು ಅನ್ನವನ್ನು ಉಂಡು ಕುಳಿತಿರದೆ ಮುಂದೆ ಬಂದ ಹಸಿದವರ ಆರೈಕೆಗೆ ನಿಂತರು. ಸೇವೆಯನ್ನು ಪಡೆಯುವವರು ಬೇರೆ, ಮಾಡುವವರು ಬೇರೆ ಎಂಬ ಗೆರೆ ಅಲ್ಲಿ ಅಳಿಸಿತ್ತು. ಮುಂದೆ 1912ರಲ್ಲಿ ನಿಜಾಮರ ಸೀಮೆಯ ಗುಲಬರ್ಗಾದಲ್ಲಿಯೂ ರಮಾಬಾಯಿಯವರು ಶಾಲೆ ತೆರೆದರು; ಮಗಳು ಮನೋರಮಾ ಅದನ್ನು ನೋಡಿಕೊಂಡರು.

ನೆರೆಯವನು ಯಾರು ಎಂದು ಶಾಸ್ತ್ರಜ್ಞನೊಬ್ಬ ಕೇಳಿದಾಗ ಯೇಸು ಹೇಳಿದುದು ಸಮಾರ್ಯದವನ ಕಥೆ. ದಾರಿಯಲ್ಲಿ ಬಿದ್ದವನ ಕುಲ ಮತಗಳನ್ನು ಆ ಸಮಾರ್ಯದವನು ವಿಚಾರಿಸಲಿಲ್ಲ. ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚು ಹೆಚ್ಚಾದರೆ ಮರಳಿ ಬಂದು ಕೊಡುವೆನೆಂದು ತನ್ನ ದಾರಿ ಹಿಡಿದನು. ಉಪದೇಶದ ಒಂದು ಮಾತೂ ಅವನ ಬಾಯಿಂದ ಬರುವುದಿಲ್ಲ. ಕ್ರೈಸ್ತ ಪ್ರಾಥಮಿಕ ಶಾಲೆಯ ಮೌಲ್ಯಶಿಕ್ಷಣಕ್ಕೆ ಈ ಕಥೆಗಿಂತ ಬೇರೆ ಪಠ್ಯ ಬೇಕಿಲ್ಲ.

ಈ ದೃಷ್ಟಿಯಿಂದ ಇಂದಿನ ಸ್ಥಿತಿಯನ್ನು ನೋಡಿದರೆ ಸಮಾಧಾನವಾಗುವುದು ಕಷ್ಟ. ಸಂವಿಧಾನದ 30ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಮತಬೋಧೆಗೆ ಯಾರನ್ನೂ ಒಳಪಡಿಸಬಾರದೆಂದು 28ನೆಯ ಅನುಚ್ಛೇದ ಹೇಳುತ್ತದೆ. ಹಳೆಯ ಜಗಳಕ್ಕೆ ಇದು ನ್ಯಾಯವಾದ ಪರಿಹಾರ. ಹೊಸ ಪ್ರಶ್ನೆ ಬೇರೆಯದು. 2009ರ ಶಿಕ್ಷಣ ಹಕ್ಕು ಕಾಯಿದೆ ಅನುದಾನರಹಿತ ಖಾಸಗಿ ಶಾಲೆಗಳ ಒಂದನೆಯ ತರಗತಿಯಲ್ಲಿ ಕನಿಷ್ಠ ಶೇಕಡಾ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಆ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿತು. ಕಾನೂನಿನ ಚರ್ಚೆ ನ್ಯಾಯವಾದಿಗಳಿಗೆ ಇರಲಿ. ನೆರೆಹೊರೆ ಎಂಬ ಶಬ್ದವೇ ಕಾಯಿದೆಯಲ್ಲಿ ಇದೆ. ಸಮಾರ್ಯದವನ ಚಿತ್ರವನ್ನು ಗೋಡೆಗೆ ತೂಗಿಸಿದ ಶಾಲೆಗೆ ಆ ಶಬ್ದದಿಂದ ವಿನಾಯಿತಿ ಬೇಕಾಗಿ ಬಂದುದು ವಿಷಾದದ ಸಂಗತಿ. ಕಾಯಿದೆಯ ಒತ್ತಾಯವಿಲ್ಲದೆಯೂ ಆ ಸ್ಥಾನಗಳನ್ನು ಕೊಡುವುದಕ್ಕೆ ಯಾವ ಹಕ್ಕಿನ ಅಡ್ಡಿಯೂ ಇಲ್ಲ.

ಅದರ ಬದಲು ಸಮಾಜ ಸೇವೆ ಎಂಬುದು ಎಷ್ಟೋ ಕಡೆ ಡಿಸೆಂಬರದ ಒಂದು ದಿನದ ಕಾರ್ಯಕ್ರಮವಾಗಿದೆ. ಹಳೆಯ ಬಟ್ಟೆ, ಬಿಸ್ಕೀಟಿನ ಪೊಟ್ಟಣ, ಅನಾಥಾಲಯದ ಭೇಟಿ, ಒಂದು ಛಾಯಾಚಿತ್ರ. ಕೊಡುವ ಮಗುವಿಗೆ ತಾನು ಕೊಡುವವನೆಂಬ ಅಭಿಮಾನ ಬೆಳೆಯುತ್ತದೆಯೇ ಹೊರತು ಪಡೆಯುವ ಮಗುವಿನ ಹೆಸರೂ ತಿಳಿಯುವುದಿಲ್ಲ. ಎಲ್ಲ ಶಾಲೆಗಳೂ ಹೀಗೆಂದು ಹೇಳುವುದು ಅನ್ಯಾಯವಾದೀತು. ಶುಲ್ಕ ಕೊಡಲಾಗದ ಮಕ್ಕಳನ್ನು ಸದ್ದಿಲ್ಲದೆ ಓದಿಸುತ್ತಿರುವ ಚರ್ಚಿನ ಕನ್ನಡ ಶಾಲೆಗಳು ಕರಾವಳಿಯಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಇವೆ. ಅವುಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವುದು ಇಂಗ್ಲಿಷ್ ಮಾಧ್ಯಮದ ಮೋಹದಿಂದ. ಆ ಮೋಹವನ್ನು ಬೆಳೆಸಿದುದರಲ್ಲಿ ಅದೇ ಧರ್ಮಸಭೆಗಳ ನಗರದ ಶಾಲೆಗಳ ಪಾತ್ರವೂ ಇದೆಯೆಂಬುದು ಕಹಿಯಾದರೂ ನಿಜ.

ಮುಂಬಯಿಯ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಇಲ್ಲಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಕೂಲಿಕಾರರ, ಹೋಟೆಲು ಕಾರ್ಮಿಕರ ಮಕ್ಕಳು ಅಲ್ಲಿ ಕಲಿತಿದ್ದಾರೆ. ಸಮೀಪದಲ್ಲಿ ಕಾನ್ವೆಂಟ್ ಇರುವ ಕಡೆ ಅದರ ವಾಚನಾಲಯ ಶನಿವಾರ ಮಧ್ಯಾಹ್ನ ಖಾಲಿ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಪಾಲಿಕೆಯ ಶಾಲೆಯ ಮಕ್ಕಳನ್ನು ಒಳಗೆ ಬರಗೊಟ್ಟು, ಎರಡೂ ಶಾಲೆಯ ಮಕ್ಕಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಒಬ್ಬರು ಕನ್ನಡದ ಕಥೆಯನ್ನೂ ಇನ್ನೊಬ್ಬರು ಇಂಗ್ಲಿಷಿನ ಕಥೆಯನ್ನೂ ಓದಿ ಹೇಳುವಂತೆ ಮಾಡಲು ವಿಶೇಷ ಹಣವೇನೂ ಬೇಕಾಗದು. ಒಂದು ಕೋಣೆಯ ಬೀಗದ ಕೈ, ಇಬ್ಬರು ಶಿಕ್ಷಕರು, ಆಡಳಿತ ಮಂಡಲಿಯ ಒಂದು ಠರಾವು, ಇಷ್ಟು ಸಾಕು.