ಮಿರಗದ ಮಳೆಗೆ ಮೊದಲೇ ಮಾಳಿಗೆ ನೋಡಬೇಕು

ಗೋಡೆ ಬಿದ್ದ ಮೇಲೆ ಅಧಿಕಾರಿಗಳು ಬರುತ್ತಾರೆ, ಪಂಚನಾಮೆ ಆಗುತ್ತದೆ, ಮನೆ ಹಾನಿ ಎ ದರ್ಜೆಯೋ ಬಿ ದರ್ಜೆಯೋ ಸಿ ದರ್ಜೆಯೋ ಎಂದು ಚರ್ಚೆ ನಡೆಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿ ಕಡೆಯ ಮನೆಗಳಿಗೆ ನುಗ್ಗಿದಾಗಿನಿಂದ ಈ ಮೂರು ಅಕ್ಷರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಬೀಳುವ ಮೊದಲು ಮನೆ ನೋಡಲು ಬರುವವರು ಮಾತ್ರ ಇಲ್ಲ. ಇದು ಹೀಗೇ ನಡೆದರೆ ಕಿತ್ತೂರು ಸೀಮೆಯ ಯಾವುದೋ ಓಣಿಯಲ್ಲಿ ಇನ್ನೊಂದು ಬಡಾಲ ಅಂಕಲಗಿ ಆಗುತ್ತದೆ. ಪಕ್ಕದ ಬೆಳಗಾವಿ ತಾಲ್ಲೂಕಿನ ಆ ಊರಲ್ಲಿ 2021ರ ಅಕ್ಟೋಬರ್ 6ರಂದು ಗೋಡೆ ಕುಸಿದು ಏಳು ಜನ ತೀರಿಕೊಂಡರು.

ತಿಂಗಳನ್ನು ಗಮನಿಸಿ. ಮಣ್ಣಿನ ಗೋಡೆ ಮಳೆ ಸುರಿಯುವ ದಿನವೇ ಬೀಳಬೇಕೆಂದಿಲ್ಲ. ಮಾಳಿಗೆಯ ಮೇಲ್ಮುದ್ದಿಯ ಬಿರುಕಿನಿಂದ ಇಳಿದ ನೀರು ಜಂತಿಯ ತುದಿಯಲ್ಲಿ ನಿಂತು, ತೊಲೆ ಕೂತ ಜಾಗವನ್ನು ಮೆತ್ತಗೆ ಮಾಡಿ, ವಾರಗಟ್ಟಲೆ ಗೋಡೆಯೊಳಗೆ ಇಂಗುತ್ತದೆ. ಬಿಸಿಲು ಬಿತ್ತು, ಇನ್ನು ಚಿಂತೆಯಿಲ್ಲ ಎಂದು ಮಂದಿ ಒಳಗೆ ಮಲಗಿದ ರಾತ್ರಿ ಅದು ಬೀಳಬಹುದು. ಹಿಂದೆ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯುತ್ತಿದ್ದರು, ಆ ನೆಪದಲ್ಲಿ ಮನೆಯವರೇ ಮೇಲೆ ಹತ್ತಿ ನೋಡುತ್ತಿದ್ದರು. ಈಗ ವಯಸ್ಸಾದವರಷ್ಟೇ ಉಳಿದ ಮನೆಗಳಲ್ಲಿ ಹತ್ತುವವರಾರು? ಹತ್ತಿದರೂ ಗೆದ್ದಲು ತಿಂದ ಜಂತಿಯ ಮೇಲೆ ಕಾಲಿಡುವುದು ಜೀವಕ್ಕೇ ಅಪಾಯ.

ಡ್ರೋನ್ ಬೇಕಾಗಿರುವುದು ಇಲ್ಲಿಯೇ. ಹಳ್ಳಿಗಳಿಗೆ ಅದು ಹೊಸದಲ್ಲ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಮನೆಯ ಗಡಿ ಗುರುತಿಸಲು ಡ್ರೋನ್ ಹಾರಿಸಿದ್ದಾರೆ. ಆದರೆ ಆಸ್ತಿ ಅಳೆಯುವ ಎತ್ತರದಿಂದ ಬಿರುಕು ಕಾಣುವುದಿಲ್ಲ. ಅದಕ್ಕೆ ಮಾಳಿಗೆಯ ಸಮೀಪಕ್ಕೆ ಇಳಿದು ಚಿತ್ರ ತೆಗೆಯಬೇಕು, ಅದೇ ಜಾಗದ ಚಿತ್ರವನ್ನು ಮಳೆ ನಡುವೆ ಮತ್ತೊಮ್ಮೆ ತೆಗೆದು ಹೋಲಿಸಬೇಕು. ಶಾಖ ಗುರುತಿಸುವ ಕ್ಯಾಮೆರಾ ಇದ್ದರೆ ತೇವ ಹಿಡಿದ ಭಾಗ ಸುತ್ತಲಿನ ಒಣ ಭಾಗಕ್ಕಿಂತ ಬೇರೆಯಾಗಿ ಕಾಣುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಪೂರ್ವಾನುಮತಿ ಬೇಕಿಲ್ಲ. ಆದ್ದರಿಂದ ಕಾನೂನು ಅಡ್ಡಿ ಎಂಬ ನೆಪ ಹೆಚ್ಚು ಕಡೆ ನಡೆಯದು.

ಶಾಲೆಯ ಚಾವಣಿ, ಎತ್ತರದ ನೀರಿನ ಟಾಕಿ, ಸವದತ್ತಿ ಕೋಟೆಯ ಬುರುಜು, ಕಿತ್ತೂರು ಕೋಟೆಯ ಅಳಿದುಳಿದ ಗೋಡೆ ಎಲ್ಲಕ್ಕೂ ಇದೇ ಮಾತು. ಕಿತ್ತೂರು ಉತ್ಸವ ಅಕ್ಟೋಬರ್ 23ಕ್ಕೆ, ಅಂದರೆ ಗೋಡೆಗಳು ಇಡೀ ಮಳೆಗಾಲದ ನೀರು ಕುಡಿದು ನಿಂತಾಗ. ಸಾವಿರಾರು ಜನ ಸೇರುವ ಮುನ್ನ ಆ ಕಲ್ಲುಗಳನ್ನು ಮೇಲಿನಿಂದ ಒಮ್ಮೆ ನೋಡಲೇಬೇಕು. ಗಾರೆ ಉದುರಿದ ಸಂದಿನ ಅರಳಿ ಸಸಿಯನ್ನು ಮೊದಲ ವರ್ಷ ಕೈಯಿಂದ ಕೀಳಬಹುದು. ಬೇರು ದಪ್ಪಗಾದ ಮೇಲೆ ಕೀಳಲು ಹೋದರೆ ಗೋಡೆಯೇ ಬರುತ್ತದೆ.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಡ್ರೋನ್ ಚಿತ್ರ ಪ್ರಮಾಣಪತ್ರವಲ್ಲ. ಗೋಡೆಯ ಬುಡಕ್ಕೆ ಬಚ್ಚಲ ನೀರು ಹರಿದು ಮಣ್ಣು ಕರಗಿದ್ದು, ತೊಲೆಯೊಳಗೆ ಗೆದ್ದಲು ಹಿಡಿದದ್ದು, ಕಾಂಕ್ರೀಟಿನೊಳಗೆ ಕಬ್ಬಿಣ ತುಕ್ಕು ತಿಂದದ್ದು ಆಕಾಶದಿಂದ ತಿಳಿಯದು. ಅನುಮಾನ ಬಂದ ಮನೆಗೆ ಎಂಜಿನಿಯರ್ ನಡೆದೇ ಹೋಗಬೇಕು. ಚಿತ್ರದಲ್ಲಿ ಚೆನ್ನಾಗಿ ಕಂಡಿತು ಎಂದು ಕಚೇರಿಯಲ್ಲೇ ಸಹಿ ಹಾಕುವ ರೂಢಿ ಬಿದ್ದರೆ ಈ ಯಂತ್ರದಿಂದ ಲಾಭಕ್ಕಿಂತ ಕೇಡೇ ಹೆಚ್ಚು. ಇನ್ನು ನಮ್ಮ ಊರುಗಳಲ್ಲಿ ಚಾವಣಿಯಿಲ್ಲದ ಬಚ್ಚಲುಗಳಿವೆ. ಡಂಗುರ ಸಾರಿ, ದಿನ ಮತ್ತು ಹೊತ್ತು ತಿಳಿಸಿ, ಹೆಣ್ಣುಮಕ್ಕಳ ಒಪ್ಪಿಗೆ ಪಡೆದೇ ಹಾರಿಸಬೇಕು. ಇಲ್ಲದಿದ್ದರೆ ಮೊದಲ ದಿನವೇ ಜನರ ನಂಬಿಕೆ ಹೋಗುತ್ತದೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳಿಗೆ, ಕಿತ್ತೂರಿನ ಪಟ್ಟಣ ಪಂಚಾಯಿತಿಗೆ ಅಪಾಯದ ಕಟ್ಟಡದ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವಿದೆ. ಮೇ ಮುಗಿಯುವುದರೊಳಗೆ ಅವು ಮತ್ತು ಗ್ರಾಮ ಪಂಚಾಯಿತಿಗಳು ಮಾಳಿಗೆಗಳನ್ನು ನೋಡಿ, ಅಪಾಯದ ಮನೆಯವರಿಗೆ ಖುದ್ದಾಗಿ ತಿಳಿಸಿ, ದುರಸ್ತಿಗೆ ಹಣ ಒದಗಿಸಬೇಕು. ಬಿದ್ದ ಮೇಲೆ ಪರಿಹಾರ ಕೊಡುವ ಸರ್ಕಾರಕ್ಕೆ ಬೀಳದಂತೆ ಒಂದಿಷ್ಟು ತಗಡು, ತೊಲೆ ಕೊಡುವುದು ಭಾರವಲ್ಲ. ದುರಸ್ತಿ ಆಗುವವರೆಗೆ ಆ ಕುಟುಂಬಗಳನ್ನು ಊರ ಶಾಲೆಯಲ್ಲಿ ಇರಿಸುವುದಾದರೆ, ಆ ಶಾಲೆಯ ಚಾವಣಿಯನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು.