ಸಂಜ್ಞಾ ಭಾಷೆ: ದುಭಾಷಿಯೂ ಬೋಧನೆಯ ಪಾಲುದಾರ

ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಮೀಸಲಿಡಬೇಕು ಎಂದು ಅಂಗವಿಕಲರ ಹಕ್ಕುಗಳ ಕಾಯ್ದೆ–2016 ವಿಧಿಸಿದೆ. ಕಿವುಡರ ಶಿಕ್ಷಣವು ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ಸಂವಹನ ವಿಧಾನದಲ್ಲಿ ನಡೆಯಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಮೊದಲನೆಯದರ ಪಾಲನೆ ಪ್ರವೇಶ ಪಟ್ಟಿಯಲ್ಲಿ ಕಣ್ಣಿಗೆ ಬೀಳುತ್ತದೆ. ಎರಡನೆಯದು ಸಂಜ್ಞಾ ಭಾಷಾ ದುಭಾಷಿಯ, ಅಂದರೆ ಉಪನ್ಯಾಸಕರ ಮಾತನ್ನು ಸಂಜ್ಞೆಗೂ ವಿದ್ಯಾರ್ಥಿಯ ಸಂಜ್ಞೆಯನ್ನು ಮಾತಿಗೂ ತರುವ ವೃತ್ತಿಪರರ ಕೆಲಸವನ್ನು ಅವಲಂಬಿಸಿದೆ. ಆ ಕೆಲಸವನ್ನು ಕಲ್ಯಾಣ ಸೌಲಭ್ಯಗಳ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುವವರೆಗೆ ಸೀಟು ಸಿಕ್ಕ ವಿದ್ಯಾರ್ಥಿಗೆ ಪಾಠ ಸಿಗುವ ಖಾತರಿ ಇಲ್ಲ.

ಭಾರತೀಯ ಸಂಜ್ಞಾ ಭಾಷೆಯು ಮಾತಿನ ಪ್ರತಿ ಪದಕ್ಕೊಂದು ಕೈಸನ್ನೆ ಜೋಡಿಸುವ ಏರ್ಪಾಡಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಅದರಲ್ಲಿ ಪ್ರಶ್ನಾರ್ಥಕ ಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಹುಬ್ಬು ಮತ್ತು ಮುಖದ ಚಲನೆಗಳು ಅರ್ಥವನ್ನು ನಿರ್ಧರಿಸುತ್ತವೆ, ದೇಹದ ಮುಂದಿನ ಅವಕಾಶವೇ ಕರ್ತೃ–ಕರ್ಮಗಳ ಸಂಬಂಧವನ್ನು ತೋರಿಸುತ್ತದೆ. ಆದ್ದರಿಂದ ದುಭಾಷಿಯು ಮಾತುಗಾರರಿಗಿಂತ ಕೆಲವು ಕ್ಷಣ ಹಿಂದೆ ಉಳಿದು, ವಿಚಾರವನ್ನು ಇಡಿಯಾಗಿ ಗ್ರಹಿಸಿದ ಮೇಲೆಯೇ ಸಂಜ್ಞೆಗೆ ತರಬೇಕಾಗುತ್ತದೆ. ಗ್ರಹಿಸದ ವಿಷಯವನ್ನು ದಾಟಿಸುವುದು ಸಾಧ್ಯವಿಲ್ಲ.

ಗಣಿತದ ತರಗತಿಯಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಉಪನ್ಯಾಸಕರು ಬೋರ್ಡಿನತ್ತ ತಿರುಗಿ ಬರೆಯುತ್ತಲೇ ‘ಇದನ್ನು ಈ ಕಡೆ ತಂದರೆ ಅದು ಸೊನ್ನೆಯಾಗುತ್ತದೆ’ ಎಂದಾಗ, ಕೇಳಬಲ್ಲ ವಿದ್ಯಾರ್ಥಿಗಳ ಕಿವಿ ಮಾತಿನ ಮೇಲೂ ಕಣ್ಣು ಸಮೀಕರಣದ ಮೇಲೂ ಇರುತ್ತದೆ. ಕಿವುಡ ವಿದ್ಯಾರ್ಥಿಗೆ ಎರಡಕ್ಕೂ ಇರುವುದು ಕಣ್ಣೊಂದೇ. ದುಭಾಷಿಯನ್ನು ನೋಡಿದರೆ ಬೋರ್ಡು ತಪ್ಪುತ್ತದೆ, ಬೋರ್ಡು ನೋಡಿದರೆ ವಿವರಣೆ ತಪ್ಪುತ್ತದೆ, ಟಿಪ್ಪಣಿ ಬರೆಯಲು ತಲೆ ತಗ್ಗಿಸಿದರೆ ಎರಡೂ ತಪ್ಪುತ್ತವೆ. ‘ಇದು’ ಯಾವ ಪದ, ‘ಅದು’ ಯಾವುದು ಎಂಬುದನ್ನು ದುಭಾಷಿ ಅಷ್ಟರಲ್ಲೇ ಪತ್ತೆ ಮಾಡಬೇಕು. ಬರೆದು ಮುಗಿಸಿ, ತರಗತಿಯತ್ತ ತಿರುಗಿ, ಪದಗಳನ್ನು ಹೆಸರಿಸಿ ವಿವರಿಸುವ ಅಭ್ಯಾಸವನ್ನು ಉಪನ್ಯಾಸಕರು ರೂಢಿಸಿಕೊಂಡರೆ ಈ ತೊಡಕಿನ ಬಹುಪಾಲು ಖರ್ಚಿಲ್ಲದೆ ನಿವಾರಣೆಯಾಗುತ್ತದೆ.

ಪಾರಿಭಾಷಿಕ ಪದಗಳ ಸಮಸ್ಯೆಗೆ ಅಷ್ಟು ಸುಲಭದ ಪರಿಹಾರವಿಲ್ಲ. ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಸ್ಥಾಪನೆಯಾದದ್ದು 2015ರಲ್ಲಿ. ಅದು ಸಿದ್ಧಪಡಿಸಿದ ನಿಘಂಟಿನ 2021ರ ಆವೃತ್ತಿಯಲ್ಲಿ ಶೈಕ್ಷಣಿಕ, ಕಾನೂನು, ವೈದ್ಯಕೀಯ ಪದಗಳೂ ಸೇರಿ 10,000 ಪದಗಳಿವೆ. ಸ್ನಾತಕೋತ್ತರ ಹಂತದ ಒಂದೊಂದು ವಿಷಯವೂ ಅಪಾರ ಪರಿಭಾಷೆಯನ್ನು ಬಳಸುವುದರಿಂದ, ಸಂಜ್ಞೆ ಇಲ್ಲದ ಪದವನ್ನು ಬೆರಳಕ್ಷರಗಳಲ್ಲಿ, ಅಂದರೆ ಒಂದೊಂದು ಅಕ್ಷರವನ್ನೂ ಕೈಯಲ್ಲಿ ತೋರಿಸುತ್ತಾ ಹೇಳಬೇಕಾಗುತ್ತದೆ, ಇಲ್ಲವೇ ವಿದ್ಯಾರ್ಥಿ ಮತ್ತು ದುಭಾಷಿ ಕೂಡಿ ತಾತ್ಕಾಲಿಕ ಸಂಜ್ಞೆಯೊಂದನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಇವೆರಡಕ್ಕೂ ಪಾಠದ ಟಿಪ್ಪಣಿ, ಸ್ಲೈಡುಗಳು ಮುಂಚಿತವಾಗಿ ಕೈಸೇರಬೇಕು. ಹೀಗೆ ರೂಪುಗೊಂಡ ಸಂಜ್ಞೆಗಳನ್ನು ವಿಭಾಗವು ವಿಡಿಯೊದಲ್ಲಿ ದಾಖಲಿಸಿಡದಿದ್ದರೆ ಮುಂದಿನ ತಂಡಕ್ಕೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಕೇಳುವುದು, ಗ್ರಹಿಸುವುದು, ಸಂಜ್ಞೆ ಮಾಡುವುದು ಏಕಕಾಲಕ್ಕೆ ನಡೆಯುವ ಈ ಕೆಲಸದಲ್ಲಿ ದಣಿವು ಬೇಗ ಆವರಿಸಿ ತಪ್ಪುಗಳು ನುಸುಳುತ್ತವೆ. ಆದ್ದರಿಂದಲೇ ದೀರ್ಘ ಉಪನ್ಯಾಸಕ್ಕೆ ಇಬ್ಬರು ದುಭಾಷಿಗಳಿದ್ದು, ಸುಮಾರು 20 ನಿಮಿಷಕ್ಕೊಮ್ಮೆ ಸರದಿ ಬದಲಿಸುವುದು ಈ ವೃತ್ತಿಯ ರೂಢಿಯಾಗಿದೆ. ಒಬ್ಬರನ್ನೇ ನೇಮಿಸಿ, ದಿನವಿಡೀ ತರಗತಿಗಳಿಗೆ ಹಂಚಿ, ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಟ್ಟರೆ ಸಂಸ್ಥೆಗೆ ಹಣ ಉಳಿಯಬಹುದು. ಅದರ ಬೆಲೆ ತೆರುವವರು ಅಪೂರ್ಣ ಪಾಠ ಪಡೆಯುವ ವಿದ್ಯಾರ್ಥಿಗಳು.

ದುಭಾಷಿಯ ಪಾತ್ರದ ಮಿತಿಯೂ ಸ್ಪಷ್ಟವಾಗಿರಬೇಕು. ವಿದ್ಯಾರ್ಥಿಯ ಹಾಜರಾತಿಗೆ ಉತ್ತರಿಸುವುದು, ಮನೆಪಾಠ ಹೇಳುವುದು, ತಪ್ಪು ಉತ್ತರವನ್ನು ತಿದ್ದಿ ಮಾತಿಗೆ ತರುವುದು ಅವರ ಕೆಲಸವಲ್ಲ. ಮೌಖಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ತಡವರಿಕೆಯೂ ಇದ್ದಂತೆಯೇ ಪರೀಕ್ಷಕರಿಗೆ ತಲುಪಬೇಕು. ಕೇಳಿದ್ದನ್ನು ಗೋಪ್ಯವಾಗಿಡುವ ಹೊಣೆಯೂ ಅವರದು.

ತಂತ್ರಜ್ಞಾನ ಇರುವಾಗ ದುಭಾಷಿಯೇಕೆ ಎಂಬ ಆಕ್ಷೇಪವನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು. ಮಾತನ್ನು ತಕ್ಷಣ ಅಕ್ಷರಕ್ಕಿಳಿಸುವ ತಂತ್ರಾಂಶಗಳು ಓದಿನಲ್ಲಿ ನುರಿತವರಿಗೆ ನೆರವಾಗುತ್ತವೆ. ಆದರೆ ಸಂಜ್ಞಾ ಭಾಷೆಯೇ ಮೊದಲ ಭಾಷೆಯಾದವರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಕಲಿತ ಭಾಷೆಯೇ. ಮೇಲಾಗಿ ತೆರೆಯ ಮೇಲಿನ ಅಕ್ಷರಗಳು ವಿಚಾರಗೋಷ್ಠಿಯಲ್ಲಿ ವಿದ್ಯಾರ್ಥಿಯ ಪರವಾಗಿ ಪ್ರಶ್ನೆ ಕೇಳಲಾರವು. ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟ್‌ನ ಕಲಾಪದಲ್ಲಿ ಭಾಗಿಯಾದದ್ದೂ 2024ರಲ್ಲಿ ಕರ್ನಾಟಕ ಹೈಕೋರ್ಟ್‌ನಲ್ಲಿ ವಾದ ಮಂಡಿಸಿದ್ದೂ ದುಭಾಷಿಗಳ ಮೂಲಕವೇ.

ವಾದಕ್ಕೆ ನ್ಯಾಯಾಲಯ ಒದಗಿಸಿದ ಅವಕಾಶ ಕಲಿಕೆಗೆ ವಿಶ್ವವಿದ್ಯಾಲಯದಲ್ಲಿ ಇಲ್ಲವೆಂದರೆ ಅಂಥ ವಕೀಲರು ಮುಂದೆ ತಯಾರಾಗುವುದು ಹೇಗೆ? ದುಭಾಷಿಗಳಿಗೆ ಶೈಕ್ಷಣಿಕ ವಿಭಾಗದಲ್ಲೇ ಹುದ್ದೆ ಸೃಷ್ಟಿಸಿ, ಪೂರ್ವಸಿದ್ಧತೆಯ ಅವಧಿಯನ್ನು ಕೆಲಸದ ವೇಳೆಯಾಗಿ ಎಣಿಸಿ, ಪಠ್ಯಸಾಮಗ್ರಿಯನ್ನು ಮುಂಚಿತವಾಗಿ ಕೊಡುವುದನ್ನು ಉಪನ್ಯಾಸಕರ ಕರ್ತವ್ಯವಾಗಿಸುವ ನಿಯಮವನ್ನು ವಿಶ್ವವಿದ್ಯಾಲಯಗಳು ತಾವಾಗಿಯೇ ರೂಪಿಸಬಹುದು. ಅದಕ್ಕೆ ಬೇಕಾದ ಕಾನೂನಿನ ಬಲ 2016ರ ಕಾಯ್ದೆಯ ಮೂಲಕ ಈಗಾಗಲೇ ಅವುಗಳ ಕೈಯಲ್ಲಿದೆ.